ನಾಲ್ಕು ಕ್ಲಿಪ್ಪಿನ ಡಬ್ಬಿ

ನಾನು ಎಲ್ಲವನ್ನೂ ಬರೆದಿಡುವ ಜಾತಿಯವನು. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಮಗಳಿಗೆ ಮೊದಲ ಹಲ್ಲು ಮೂಡಿದ ದಿನ, ನಮ್ಮ ಜಕ್ಕೂರಿನ ಮನೆಯ ಮೇಲೆ ಭಾನುವಾರ ಪುಟ್ಟ ವಿಮಾನ ಎಷ್ಟು ಸುತ್ತು ಹೊಡೆಯಿತು ಎಂಬುದು, ಎಲ್ಲಕ್ಕೂ ನನ್ನ ಡೈರಿಯಲ್ಲಿ ಜಾಗವಿದೆ. ಬರೆದಿಟ್ಟವನಿಗೆ ಮರೆವಿಲ್ಲ ಎಂದು ಬೀಗುತ್ತಿದ್ದೆ. ಬರೆಯುವವನಿಗೆ ಕಣ್ಣೂ ಇರಬೇಕೆಂದು ಈ ಜೂನ್ ತಿಂಗಳಲ್ಲಿ ಗೊತ್ತಾಯಿತು. ಗೊತ್ತು ಮಾಡಿಸಿದವರು ನಮ್ಮ ಅತ್ತೆ.

ಮಗಳು ಇಂಚರ ಎಲ್‌ಕೆಜಿ ಸೇರಿದಾಗ ಊಟದ ಡಬ್ಬಿ ಆರಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಅದಕ್ಕೆ ಕಾರಣವಿದೆ. ಯಶವಂತಪುರದ ಆಚೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸೋರಿಕೆ ಹುಡುಕುವುದೇ ನನ್ನ ಉದ್ಯೋಗ. ಸೋರದ ಪಂಪಿಗೆ ಹಸಿರು ಸ್ಟಿಕ್ಕರ್, ಸೋರಿದ್ದಕ್ಕೆ ಕೆಂಪು. ದಿನವಿಡೀ ಇದನ್ನೇ ಮಾಡುವವನು ಮಗಳ ಡಬ್ಬಿಯನ್ನು ಸುಮ್ಮನೆ ಬಣ್ಣ ನೋಡಿ ತರುವುದುಂಟೇ? ಯಲಹಂಕದ ಪಾತ್ರೆ ಅಂಗಡಿಯಿಂದ ಐದು ಡಬ್ಬಿ ತಂದು, ಒಂದೊಂದಕ್ಕೂ ಹುಳಿ ತುಂಬಿ, ಎರಡೆರಡು ಗಂಟೆ ತಲೆಕೆಳಗಾಗಿ ನಿಲ್ಲಿಸಿದೆ. ಮೊದಲ ಮೂರು ಅಲ್ಲೇ ಕಣ್ಣೀರು ಹಾಕಿದವು. ನಾಲ್ಕನೆಯದು ಬೈಕಿನಲ್ಲಿ ಹೆಬ್ಬಾಳದ ಫ್ಲೈಓವರ್ ಹತ್ತುವವರೆಗೆ ಮರ್ಯಾದೆ ಉಳಿಸಿಕೊಂಡು, ಇಳಿಯುವಾಗ ನನ್ನ ಬ್ಯಾಗಿಗೆ ಅರಿಶಿನದ ಅಭಿಷೇಕ ಮಾಡಿತು. ಐದನೆಯದು ಸ್ಟೀಲಿನದು. ಮುಚ್ಚಳದ ಒಳಗೆ ರಬ್ಬರ್ ಉಂಗುರ, ನಾಲ್ಕೂ ಬದಿಗೆ ಕ್ಲಿಪ್ಪು. ಒಂದು ಹನಿ ಹೊರಬರಲಿಲ್ಲ. ಅದರ ನೆತ್ತಿಗೆ ಹಸಿರು ಸ್ಟಿಕ್ಕರ್ ಅಂಟಿಸಿ ಮಗಳಿಗೆ ಒಪ್ಪಿಸಿದೆ. “ಹಸಿರು ಅಂದ್ರೆ ಇದರಲ್ಲಿ ಒಂದೂ ತಪ್ಪಿಲ್ಲ ಅಂತ. ಯಾರ ಕೈಗೂ ಕೊಡ್ಬೇಡ, ಆಯ್ತಾ?” ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು.

“ರೀ, ಮಗು ಹೋಗ್ತಿರೋದು ಸ್ಕೂಲಿಗೆ. ಚಂದ್ರಲೋಕಕ್ಕಲ್ಲ” ಎಂದಳು ಹೆಂಡತಿ ಮಂಜುಳ.

ಅಡುಗೆ ಐದೂ ದಿನ ಮಂಜುಳಳದೇ. ಅದನ್ನು ಡಬ್ಬಿಗೆ ತುಂಬುವುದು ಸೋಮವಾರ, ಬುಧವಾರ, ಶುಕ್ರವಾರ ನಾನು. ಮಂಗಳವಾರ, ಗುರುವಾರ ನನಗೆ ಬೆಳಗಿನ ಪಾಳಿ, ಆದ್ದರಿಂದ ಪಕ್ಕದ ಬೀದಿಯಿಂದ ಅತ್ತೆ ಬಂದು ತುಂಬುತ್ತಿದ್ದರು. ಡಬ್ಬಿ ಖಾಲಿಯಾಗಿ ಬಂದರೆ ಡೈರಿಯಲ್ಲಿ ಒಂದು ಗೀಟು. ಎರಡು ವಾರ ಕಳೆದಾಗ ಲೆಕ್ಕ ಹೀಗಿತ್ತು: ಅಜ್ಜಿ ನಾಲ್ಕು, ಅಪ್ಪ ಸೊನ್ನೆ.

ನಾನು ತುಂಬಿದ ಡಬ್ಬಿ ತುಂಬಿದ ಹಾಗೇ ಹಿಂದಿರುಗುತ್ತಿತ್ತು. ಆ ದಿನಗಳಲ್ಲಿ ಮಗು ಮನೆಗೆ ಬಂದು, ಎರಡು ಲೋಟ ನೀರು ಕುಡಿದು, ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ನಿದ್ದೆ ಹೋಗುತ್ತಿತ್ತು. “ಸೊರಗ್ತಿದಾಳೆ ಕಣ್ರೀ” ಎಂದು ಮಂಜುಳ ಕಣ್ಣು ತುಂಬಿಕೊಂಡಳು. ಶಾಲೆಯ ಡೈರಿಯಲ್ಲಿ ಟೀಚರ್ ಬರೆದಿದ್ದರು: ‘ಊಟ ಮಾಡುತ್ತಿಲ್ಲ. ನಾವು ಡಬ್ಬಿ ಮುಟ್ಟಿದರೆ ಅಳುತ್ತಾಳೆ.’ ಹಟ ಎಂದುಕೊಂಡೆ. ತಿಂಡಿಯ ದೋಷವಿರಬಹುದೆಂದು ಮೂರನೆಯ ವಾರ ಅದಲುಬದಲು ಮಾಡಿಸಿದೆ. ನನ್ನ ಸೋಮವಾರಕ್ಕೆ ದೋಸೆ, ಅತ್ತೆಯ ಮಂಗಳವಾರಕ್ಕೆ ಉಪ್ಪಿಟ್ಟು. ದೋಸೆ ಹಿಂದಿರುಗಿತು, ಉಪ್ಪಿಟ್ಟು ಖಾಲಿ! ಉಪ್ಪಿಟ್ಟನ್ನು ಮಗು ತಾನಾಗಿ ಖಾಲಿ ಮಾಡಿದೆ ಎಂದರೆ ನಂಬುವವರುಂಟೇ? ಅತ್ತೆ ಕದ್ದುಮುಚ್ಚಿ ಬೆಲ್ಲ ಇಡುತ್ತಿದ್ದಾರೆಂದು ತೀರ್ಮಾನಿಸಿದೆ. ಗುರುವಾರ ಪಾಳಿ ಬದಲಾಯಿಸಿಕೊಂಡು, ಏನೋ ಹುಡುಕುವವನಂತೆ ಅಡುಗೆಮನೆಯಲ್ಲಿ ನಿಂತೆ.

“ಏನಳಿಯಂದ್ರೇ, ಕೆಲಸುಕ್ ಓಗಿಲ್ವಾ?” ಎನ್ನುತ್ತಲೇ ಅತ್ತೆ ಚಪಾತಿ ಚೂರುಗಳನ್ನು ಡಬ್ಬಿಗೆ ಹಾಕಿ, ಒಂದೇ ಒಂದು ಕ್ಲಿಪ್ಪು ಒತ್ತಿದರು. ಬೆಲ್ಲವಿಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಡಬ್ಬಿಯನ್ನು ಸುತ್ತಿ ಗಂಟು ಹಾಕಿದರು.

“ಅತ್ತೆ, ಇನ್ನೂ ಮೂರು ಕ್ಲಿಪ್ಪಿದೆ.”

“ಇರ್ಲಿ ಬಿಡಿ. ಅವುನ್ನೂ ಆಕಿದ್ರೆ ಕೂಸು ಬಿಚ್ಚೋದೆಂಗೆ? ನನ್ ಕೈಲೇ ಆಗಲ್ಲ.” ಥಟ್ಟನೆ ನನ್ನ ಮುಖ ನೋಡಿದರು. “ನೀವು ನಾಕೂ ಬಿಗೀತೀರಾ? ಅಯ್ಯೋ ಶಿವ್ನೇ!”

“ಅಲ್ಲ ಅತ್ತೆ, ಸೋರಿದರೆ?”

“ಚಪಾತಿ ಎಲ್ಲಾದ್ರೂ ಸೋರ್ತದಾ ಅಳಿಯಂದ್ರೇ?”

ನನ್ನ ಹನ್ನೊಂದು ವರ್ಷದ ಅನುಭವದಲ್ಲಿ ಯಾವ ಎಂಜಿನಿಯರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಐದು ಡಬ್ಬಿಗೆ ಹುಳಿ ತುಂಬಿ ನೋಡಿದ್ದೆ. ಮಗು ಹುಳಿ ಒಯ್ಯುವುದೇ ಇಲ್ಲ. ಐದನ್ನೂ ತೆರೆದವನು ನಾನು, ಮಗುವಿನ ಕೈಗೆ ಒಂದನ್ನೂ ಕೊಟ್ಟಿರಲಿಲ್ಲ. ಅತ್ತೆಗೆ ಇದನ್ನು ಯಾರೂ ಕಲಿಸಿರಲಿಲ್ಲ. ಹುಡುಗಿಯಾಗಿದ್ದಾಗ ಕೆರೆಯಾಚೆಯ ಗದ್ದೆಗೆ ಬುತ್ತಿ ಹೊರುತ್ತಿದ್ದರಂತೆ. ಉಣ್ಣುವವರ ಕೈಯೆಲ್ಲ ಕೆಸರು. ಒಂದು ತುದಿ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುವ ಗಂಟು ಅಲ್ಲಿಯದು. ಕಟ್ಟುವಾಗ ಬಿಚ್ಚುವವರ ಕೈ ನೆನೆಯುವ ಬುದ್ಧಿಯೂ ಅಲ್ಲಿಯದೇ.

ಸಂಜೆ ಇಂಚರಳನ್ನು ಕೇಳಿದೆ: “ಟೀಚರ್ ಕೈಲಿ ತೆಗೆಸ್ಕೋಬಾರ್ದಿತ್ತಾ ಪುಟ್ಟಿ?”

“ಯಾರ ಕೈಗೂ ಕೊಡ್ಬೇಡ ಅಂದಿದ್ದೆ ಅಲ್ವಾಪ್ಪ.”

“ನನಗಾದ್ರೂ ಹೇಳ್ಬಾರ್ದಾ?”

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. “ಡಬ್ಬಿಗೆ ಹಸಿರು ಸ್ಟಿಕ್ಕರ್ ಇತ್ತಲ್ಲ. ನನ್ ಬೆರಳೇ ಸರಿಯಿಲ್ಲ ಅನ್ಕೊಂಡೆ.”

ಅಂದು ಡೈರಿ ಬರೆಯಲಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಒಂದೇ ಕ್ಲಿಪ್ಪು ಒತ್ತಿ, ಅತ್ತೆಯನ್ನು ಕರೆಸಿ ಗಂಟು ಕಲಿತೆ. ಈ ಬಾರಿ ಪರೀಕ್ಷಿಸುವವಳು ಇಂಚರ. ನನ್ನ ಮೊದಲ ಮೂರು ಗಂಟುಗಳು ಬ್ರಹ್ಮಗಂಟುಗಳಾದವು. “ರಿಜೆಕ್ಟ್” ಎಂದಳು, ಮೂರು ಸಲವೂ ಕರುಣೆಯಿಲ್ಲದೆ. “ಮೆತ್ತಗೆ ಅಳಿಯಂದ್ರೇ, ಎಮ್ಮೆ ಕಟ್ತಿದೀರಾ?” ಎಂದರು ಅತ್ತೆ. ನಾಲ್ಕನೆಯದು ಅವಳ ಎರಡೇ ಬೆರಳಿಗೆ ಬಿಚ್ಚಿಕೊಂಡಿತು. ಬಹುಮಾನವಾಗಿ ಸ್ಟಿಕ್ಕರುಗಳನ್ನು ಕೇಳಿದಳು, ಕೊಟ್ಟೆ. ಹಸಿರನ್ನು ಅಜ್ಜಿಯ ಕೆನ್ನೆಗೆ ಅಂಟಿಸಿದಳು. ಅತ್ತೆ ಅದನ್ನು ತೆಗೆಯದೆ ಹಾಗೇ ಸೊಪ್ಪಿನ ಗಾಡಿಗೆ ಹೋಗಿ ಬಂದರು.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರರು ನನ್ನನ್ನು ತಡೆದರು. “ಏನ್ ಸಾರ್, ಬೆನ್ ಮೇಲೆ ಕೆಂಪು ಸ್ಟಿಕ್ಕರ್? ಇವತ್ತು ನಿಮ್ಮನ್ನೇ ಯಾರೋ ಚೆಕ್ ಮಾಡ್ದಂಗಿದೆ?”

ಜಕ್ಕೂರಿನಿಂದ ಯಶವಂತಪುರದವರೆಗೆ ಸಿಗ್ನಲ್ಲುಗಳಲ್ಲಿ ನನ್ನ ಹಿಂದೆ ನಿಂತವರೆಲ್ಲ ಅದನ್ನು ಓದಿಕೊಂಡಿರಬೇಕು. ಸಂಜೆ ಡಬ್ಬಿ ಖಾಲಿಯಾಗಿ ಬಂತು. ಡೈರಿಯಲ್ಲಿ ‘ಅಜ್ಜಿ ಆರು, ಅಪ್ಪ ಒಂದು’ ಎಂದು ಬರೆದು, ಪಕ್ಕದಲ್ಲಿ ಆ ಕೆಂಪು ಸ್ಟಿಕ್ಕರನ್ನು ಅಂಟಿಸಿದೆ. ಕೆಳಗೆ, ಕಾರ್ಖಾನೆಯಲ್ಲಿ ಬರೆಯುವ ಹಾಗೆಯೇ ಬರೆದು ಸಹಿ ಹಾಕಿದೆ: ‘ತಪಾಸಣೆ ಸರಿಯಾಗಿದೆ.’