ಅತ್ತೆಯ ಫೋನು ಅಪ್‌ಡೇಟ್ ಆಯಿತು

ಅತ್ತೆ: ಸುತ್ತಿ ಬಳಸಿ ಮಾತಾಡ್ಬೇಡ. ಶನಿವಾರ ಮಧ್ಯಾಹ್ನದವರೆಗೂ ನೆಟ್ಟಗಿದ್ದ ಫೋನು ಸಂಜೆಗೆ ಯಾಕೆ ಹೀಗಾಯ್ತು?

ನಾನು: ಹೀಗೆ ಅಂದ್ರೆ ಹೇಗೆ, ಮೇಡಂ?

ಅತ್ತೆ: ಮೇಡಂ? ಬೆಳಿಗ್ಗೆ ‘ಇನ್ನೊಂದು ಸೌಟು ಹಾಕಿ’ ಅನ್ನೋವಾಗ ಅತ್ತೆ ಆಗಿದ್ದೆನಲ್ಲೋ.

ನಾನು: (ದನಿ ತಗ್ಗಿಸಿ) ಇಲ್ಲಿ ಎಲ್ಲರೂ ಮೇಡಮ್ಮೇ, ಅತ್ತೆ. ನಿಮ್ಮ ದಮ್ಮಯ್ಯ.

ಅತ್ತೆ: ಸರಿ ಬಿಡು, ಮೇಡಂ. ಈಗ ಮೇಡಮ್ಮಿಗೆ ಉತ್ತರ ಹೇಳು.

ಉತ್ತರ ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ.

ನಾನು ಒಂದು ಫೋನ್ ಸರ್ವೀಸ್ ಸೆಂಟರಿನ ಮೂರನೇ ಕೌಂಟರಿನಲ್ಲಿ ಕೂರುವವನು. ಕುತ್ತಿಗೆಗೆ ನೇತುಬಿದ್ದ ಕಾರ್ಡಿನಲ್ಲಿ ‘ತಜ್ಞ’ ಎಂದು ಬರೆದಿದೆ. ಕಾರ್ಡು ಮಾಡಿಸಿದವರಿಗೆ ನನ್ನ ಪರಿಚಯವಿರಲಿಲ್ಲ. ಎದುರಿಗೆ ಟೋಕನ್ ಹಿಡಿದು ಕೂತಿದ್ದವರು ನನ್ನ ತಂದೆಯ ಸ್ವಂತ ತಂಗಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ಎರಡು ವರ್ಷದಿಂದ ನಾನು ಅವರ ಹೊಲಿಗೆ ಯಂತ್ರದ ಪಕ್ಕದ ಕೋಣೆಯಲ್ಲಿ ಬಿಡಾರ ಹೂಡಿದ್ದೇನೆ.

ನಮ್ಮಲ್ಲಿ ಒಬ್ಬೊಬ್ಬ ತಜ್ಞನೂ ದಿನಕ್ಕೆ ಹದಿನೈದು ಫೋನುಗಳನ್ನು ಅಪ್‌ಡೇಟ್ ಮಾಡಲೇಬೇಕು. ಶನಿವಾರ ನನ್ನದು ಹದಿನಾಲ್ಕಕ್ಕೆ ನಿಂತಿತ್ತು. ಮನೆ ಎರಡೇ ಬೀದಿ ಆಚೆ. ಚಹಾದ ವಿರಾಮದಲ್ಲಿ ಓಡಿದೆ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಅವರ ಫೋನು ಯಂತ್ರದ ಮೇಲೆ ಒಂಟಿಯಾಗಿ ಕೂತಿತ್ತು. ಅಪ್‌ಡೇಟಿಗೆ ಅರ್ಧ ಗಂಟೆ ಬೇಕು, ಅತ್ತೆಯ ಸ್ನಾನಕ್ಕೆ ಮುಕ್ಕಾಲು. ವಾಪಸ್ ಬಂದು ಹದಿನೈದನೆಯದು ಎಂದು ದಾಖಲೆ ಬರೆದೆ. ಸಿಬ್ಬಂದಿಯ ನೆಂಟರ ಫೋನು ಲೆಕ್ಕಕ್ಕೆ ಬರುವುದಿಲ್ಲ ಎಂಬ ನಿಯಮವೂ ಇದೆ. ಸಿಕ್ಕಿಬಿದ್ದವನನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ನನ್ನ ಆರು ತಿಂಗಳ ತರಬೇತಿ ಮುಗಿಯುವುದು ಇವತ್ತೇ. ಖಾಯಂ ಮಾಡುವ ಕಾಗದ ಸೂಪರ್‌ವೈಸರ್ ಅವರ ಫೈಲಿನಲ್ಲಿ ಸಹಿಗಾಗಿ ಕಾಯುತ್ತಿತ್ತು.

ಅತ್ತೆ: ಹಸಿರು ಗುಂಡಿ ಎಲ್ಲಿ ಹೋಯ್ತು?

ನಾನು: ಯಾವ ಹಸಿರು ಗುಂಡಿ?

ಅತ್ತೆ: ಫೋನ್ ಬಂದಾಗ ಒತ್ತೋದು. ಇಷ್ಟು ದಿನ ಎಡಗಡೆ ಇತ್ತು. ಈಗ ಅಲ್ಲಿ ಒತ್ತಿದರೆ ಕಟ್ ಆಗುತ್ತೆ.

ನಾನು: ಈಗ ಒತ್ತಬಾರದು ಮೇಡಂ. ಎಳೀಬೇಕು.

ಅತ್ತೆ: ಎಳೆದೆ. ಫೋಟೋ ತೆಗೀತು, ನನ್ನ ಮೂಗಿಂದು.

ನಾನು: ಅದು ಕೆಳಕ್ಕೆ ಎಳೆದಿದ್ದೀರಿ. ಮೇಲಕ್ಕೆ ಎಳೀಬೇಕು.

ಅತ್ತೆ: ಮೂವತ್ತು ಪರದೆ ಹೋಯ್ತು ಕಣೋ. ನರ್ಸಿಂಗ್ ಹೋಮಿನವರು ಕಿಟಕಿಗಳಿಗೆಲ್ಲ ನನ್ನ ಹತ್ತಿರ ಹೊಲಿಸ್ತೀವಿ ಅಂದಿದ್ದರು. ಮೂರು ಸಲ ಫೋನ್ ಮಾಡಿದ್ದಾರೆ. ಮೂರು ಸಲವೂ ನಾನೇ ಮುಖಕ್ಕೆ ಹೊಡೆದ ಹಾಗೆ ಕಟ್ ಮಾಡಿದ್ದೀನಿ. ನಾಲ್ಕನೇ ಸಲ ಬೇರೆ ಟೈಲರಿಗೆ ಮಾಡಿದ್ದಾರೆ.

ನಾನು: ನೀವೇ ತಿರುಗಿ ಮಾಡಬಹುದಿತ್ತಲ್ಲ?

ಅತ್ತೆ: ಎಲ್ಲಿಂದ ಮಾಡ್ಲಿ? ನಂಬರ್ ಒತ್ತೋ ಜಾಗದಲ್ಲಿ ಈಗ ಹವಾಮಾನ ಬರುತ್ತೆ. ಅದೂ ಬೇರೆ ಯಾವುದೋ ಊರಿಂದು.

ಅಷ್ಟರಲ್ಲಿ ಹಿಂದಿನಿಂದ ಸೂಪರ್‌ವೈಸರ್ ಬಂದು ನಿಂತರು. ಇಸ್ತ್ರಿ ಕೆಡದ ಅಂಗಿ, ಕಂಕುಳಲ್ಲಿ ನನ್ನ ಫೈಲು.

ಸೂಪರ್‌ವೈಸರ್: ಏನು ತೊಂದರೆ ಮೇಡಂ?

ಅತ್ತೆ: ನನ್ನ ಫೋನು ತಾನಾಗೇ ಬದಲಾಗಿಬಿಟ್ಟಿದೆ.

ಸೂಪರ್‌ವೈಸರ್: ಮೊದಲು ಒಂದು ಪ್ರಶ್ನೆ. ಅಪ್‌ಡೇಟ್ ಮಾಡಿಸಿದ್ದೀರಾ?

ನಮ್ಮ ಸೆಂಟರಿಗೆ ಯಾರೇ ಬರಲಿ, ಮೊದಲು ಕೇಳಬೇಕಾದದ್ದು ಇದನ್ನೇ. ಗಾಜು ಒಡೆದವರಿಗೂ ಇದೇ, ಫೋನನ್ನು ಬಕೆಟ್ಟಿನಲ್ಲಿ ಮುಳುಗಿಸಿದವರಿಗೂ ಇದೇ. ‘ಇಲ್ಲ’ ಎಂದರೆ, ಮಾಡಿಸಿ, ಸರಿಹೋಗುತ್ತೆ. ‘ಹೌದು’ ಎಂದರೆ, ಮುಂದಿನದು ಬರಲಿ, ಸರಿಹೋಗುತ್ತೆ. ಇಲ್ಲಿ ಕಲಿಯಬೇಕಾದ ವಿದ್ಯೆ ಇಷ್ಟೇ. ಇದನ್ನು ಕಲಿಯಲು ನನಗೆ ಪೂರ್ತಿ ಆರು ತಿಂಗಳು ಬೇಕಾಯಿತು.

ಅತ್ತೆ: ನಾನ್ಯಾಕೆ ಮಾಡಿಸ್ಲಿ? ನಾನು ಮಾಡಿಸಿಲ್ಲ.

ಸೂಪರ್‌ವೈಸರ್: (ಕಂಪ್ಯೂಟರ್ ನೋಡಿ) ಮಾಡಿಸಿದ್ದೀರಲ್ಲ. ಶನಿವಾರ, ಮೂರನೇ ಕೌಂಟರ್, ಸಂಜೆ ಆರೂ ಹತ್ತು. ಈ ಹುಡುಗನೇ ಮಾಡಿಕೊಟ್ಟಿದ್ದಾನೆ.

ಅತ್ತೆ: ಆರೂ ಹತ್ತಕ್ಕಾ? ಆಗ ನಾನು ಬಚ್ಚಲಲ್ಲಿದ್ದೆ.

ಎಂದವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅಳತೆ ತಪ್ಪಿದ ಅಂಗಿಯನ್ನು ನೋಡುವ ನೋಟ ಅದು. ಯಾವ ಹೊಲಿಗೆಯಿಂದ ಬಿಚ್ಚಿಕೊಂಡು ಬರಬೇಕು ಎಂದು ಲೆಕ್ಕ ಹಾಕುತ್ತಿದ್ದರು.

ನಾನು: ಮೇಡಂ ಮರೆತಿರಬೇಕು ಸರ್.

ಸೂಪರ್‌ವೈಸರ್: ಇಲ್ಲಾ ಮನೆಯವರು ಯಾರಾದರೂ ತಂದಿದ್ದರೇನೋ.

ಅತ್ತೆ: ಹಾಂ, ಮನೆಯಲ್ಲಿ ಒಬ್ಬನಿದ್ದಾನೆ. ನಮ್ಮಣ್ಣನ ಮಗ.

ಸೂಪರ್‌ವೈಸರ್: ಏನು ಮಾಡ್ಕೊಂಡಿದ್ದಾನೆ?

ಅತ್ತೆ: ಊಟ.

ನಾನು: ಕೆಲಸಕ್ಕೂ ಹೋಗ್ತಿರಬಹುದು ಮೇಡಂ.

ಅತ್ತೆ: ಹೋಗ್ತಾನಂತೆ. ದೊಡ್ಡ ಕೆಲಸವಂತೆ. ಅಂಗಿ ಗುಂಡಿ ಕಿತ್ತರೆ ಮಾತ್ರ ಎರಡು ವರ್ಷದ ಮಗು ಥರ ನನ್ನ ಮುಂದೆ ಬಂದು ನಿಲ್ತಾನೆ.

ಸೂಪರ್‌ವೈಸರ್: ಈಗಿನ ಹುಡುಗರೇ ಹಾಗೆ. (ನನಗೆ) ನೀನೂ ಅವನ ವಯಸ್ಸಿನವನೇ ಇರ್ತೀಯ, ನೀನೇ ಹೇಳು. ಹೇಳದೆ ಕೇಳದೆ ಹಿರಿಯರ ಫೋನಿಗೆ ಕೈ ಹಾಕೋದು ಸರಿಯಾ?

ನಾನು: ತಪ್ಪು ಸರ್.

ಅತ್ತೆ: ಸ್ವಲ್ಪ ಜೋರಾಗಿ ಹೇಳಿ. ನನಗೆ ಕಿವಿ ಮಂದ.

ನಾನು: ದೊಡ್ಡ ತಪ್ಪು ಮೇಡಂ.

ಅತ್ತೆಯ ಕಿವಿ ಮಂದವೇನಲ್ಲ. ನಾನು ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳಕ್ಕೆ ಕೈ ಇಟ್ಟರೆ ಅವರಿಗೆ ಬೀದಿಯ ಕೊನೆಯಿಂದಲೂ ಕೇಳಿಸುತ್ತದೆ.

ಸೂಪರ್‌ವೈಸರ್ ಅತ್ತೆಯ ಫೋನನ್ನು ಕೈಗೆತ್ತಿಕೊಂಡರು. ನೋಡನೋಡುತ್ತಿದ್ದಂತೆ ಅವರ ಮುಖ ಅರಳಿತು.

ಸೂಪರ್‌ವೈಸರ್: ತಡೀರಿ, ತಡೀರಿ. ಇದಕ್ಕೆ ಕೊನೇ ಸಲ ಚಾರ್ಜ್ ಹಾಕಿದ್ದು ಯಾವಾಗ?

ಅತ್ತೆ: ಶನಿವಾರ.

ಸೂಪರ್‌ವೈಸರ್: ಇವತ್ತು ಮಂಗಳವಾರ. ಇನ್ನೂ ಅರವತ್ತೆಂಟು ಪರ್ಸೆಂಟ್ ಇದೆ. ಮೊದಲು ಎಷ್ಟು ಹೊತ್ತು ಬರ್ತಿತ್ತು?

ಅತ್ತೆ: ಮಧ್ಯಾಹ್ನ ಊಟದ ಹೊತ್ತಿಗೆ ಸತ್ತಿರ್ತಿತ್ತು.

ಸೂಪರ್‌ವೈಸರ್: ನೋಡಿದ್ಯೇನೋ? ಅಪ್‌ಡೇಟ್‌ನಿಂದ ಬ್ಯಾಟರಿ ಉಳಿದಿರೋ ಒಂದು ಉದಾಹರಣೆ ಕಳಿಸಿ ಅಂತ ಹೆಡ್ ಆಫೀಸಿನವರು ಎಂಟು ತಿಂಗಳಿಂದ ಕೇಳ್ತಿದ್ದಾರೆ. ಒಂದೂ ಸಿಕ್ಕಿರಲಿಲ್ಲ.

ನಾನು: ಒಂದೂ ಸಿಕ್ಕಿರಲಿಲ್ವಾ ಸರ್?

ಸೂಪರ್‌ವೈಸರ್: ಇರ್ತಾವೆ ಕಣೋ, ಬೇಕಾದಷ್ಟಿರ್ತಾವೆ. ಸುಖವಾಗಿರೋರು ಇಲ್ಲಿಗೆ ಯಾಕೆ ಬರ್ತಾರೆ?

ಅತ್ತೆ: ಬ್ಯಾಟರಿ ಯಾಕೆ ಉಳಿದಿದೆ ಅಂತ ನನ್ನನ್ನ ಕೇಳಲ್ವಾ?

ಸೂಪರ್‌ವೈಸರ್: ಕೇಳೋದೇನಿದೆ, ಅಪ್‌ಡೇಟಿಂದ.

ಅತ್ತೆ: ಹೌದು. ಅಪ್‌ಡೇಟ್ ಆದಮೇಲೆ ಅದರಲ್ಲಿ ಯಾವುದು ಎಲ್ಲಿದೆ ಅಂತ ತಿಳೀದೆ ಕಪಾಟಿನಲ್ಲಿ ಎತ್ತಿಟ್ಟಿದ್ದೀನಿ. ಮುಟ್ಟದೆ ಇಟ್ಟರೆ ನಮ್ಮನೆ ಇಸ್ತ್ರಿ ಪೆಟ್ಟಿಗೆನೂ ಕರೆಂಟ್ ತಿನ್ನಲ್ಲ.

ನಾನು ಕಣ್ಣು ಮುಚ್ಚಿಕೊಂಡೆ. ಸೂಪರ್‌ವೈಸರ್ ಮಾತ್ರ ಅಲುಗಲಿಲ್ಲ. ಇಂಥ ಮಾತಿಗೆಲ್ಲ ಅಲುಗುವವರು ಆ ಹುದ್ದೆಯವರೆಗೂ ಬರುವುದಿಲ್ಲ.

ಸೂಪರ್‌ವೈಸರ್: ಕಾರಣ ಏನಾದರೂ ಇರಲಿ ಮೇಡಂ. ಬ್ಯಾಟರಿ ಉಳೀತೋ ಇಲ್ವೋ?

ಅತ್ತೆ: ಉಳೀತು.

ಸೂಪರ್‌ವೈಸರ್: ನನಗೆ ಅಷ್ಟು ಸಾಕು. ವೇಗ?

ಅತ್ತೆ: ಅದೂ ಜಾಸ್ತಿಯಾಗಿದೆ. ಮೊದಲು ಒಬ್ಬ ಗಿರಾಕಿ ಕೈತಪ್ಪಬೇಕಾದರೆ ತಿಂಗಳು ಹಿಡೀತಿತ್ತು. ಈಗ ಮೂರು ರಿಂಗಿಗೆ ಹೋಗ್ತಾರೆ.

ಸೂಪರ್‌ವೈಸರ್: (ಬರೆದುಕೊಳ್ಳುತ್ತ) ವೇಗದಲ್ಲಿ... ಗಮನಾರ್ಹ... ಸುಧಾರಣೆ. ಇಲ್ಲೊಂದು ಸಹಿ ಹಾಕಿ ಮೇಡಂ. ನಿಮ್ಮ ಸಹಿ ಬಿದ್ದರೆ ಇವನ ಕಾಗದಕ್ಕೆ ನನ್ನ ಸಹಿ. ಕೊನೇ ಗ್ರಾಹಕರು ಸಮಾಧಾನವಾಗಿ ಹೋದರೆ ಇವನು ಖಾಯಂ. ಇಲ್ಲದಿದ್ದರೆ ನಾಳೆಯಿಂದ ಮನೇಲಿರ್ತಾನೆ.

ಅತ್ತೆ: ಮನೇಲಾ? ಇಡೀ ದಿನವಾ?

ಈ ಸಂಗತಿ ಅವರ ಮನಸ್ಸಿಗೆ ತಟ್ಟಿತು. ಸೂಪರ್‌ವೈಸರ್ ಕೊಟ್ಟ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು.

ಅತ್ತೆ: ‘ಸಮಾಧಾನ’, ‘ಬಹಳ ಸಮಾಧಾನ’. ಎರಡೇ ಇದೆಯಲ್ಲ?

ಸೂಪರ್‌ವೈಸರ್: ಮೂರನೇದು ಇಟ್ಟಿದ್ವಿ ಮೇಡಂ. ಎಲ್ಲರೂ ಅದಕ್ಕೇ ಗುರುತು ಹಾಕೋಕೆ ಶುರು ಮಾಡಿದರು.

ಅತ್ತೆ: ಮೊದಲಿದ್ದ ಹಾಗೆ ಮಾಡಿಕೊಡಿ, ಎರಡಕ್ಕೂ ಹಾಕ್ತೀನಿ.

ನಾನು: ಒಂದು ಸಲ ಮುಂದೆ ಹೋದಮೇಲೆ ಹಿಂದಕ್ಕೆ ಬರೋಕಾಗಲ್ಲ ಮೇಡಂ.

ಅತ್ತೆ: ಯಾಕಾಗಲ್ಲ? ನಾನು ತಪ್ಪು ಹೊಲಿದರೆ ಬಿಚ್ಚಿ ಕೊಡಲ್ವಾ? ‘ಈ ಪ್ಯಾಂಟಿಗೆ ಒಂದೇ ಕಾಲಿದೆ, ಮುಂದಿನ ಪ್ಯಾಂಟಿನಲ್ಲಿ ಸರಿಹೋಗುತ್ತೆ’ ಅಂತ ಹೇಳಿ ಕಳಿಸಿದರೆ ಸುಮ್ಮನಿರ್ತಾರಾ ಗಿರಾಕಿ?

ಸೂಪರ್‌ವೈಸರ್: ನಾಲ್ಕು ದಿನ ಬಳಸಿದರೆ ಅಭ್ಯಾಸ ಆಗುತ್ತೆ ಮೇಡಂ.

ಅತ್ತೆ: ಒಂದೇ ಕಾಲು?

ಆಮೇಲೆ ಅತ್ತೆಯ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಆ ದನಿ ನನಗೆ ಗೊತ್ತು. ಅದನ್ನು ಕೇಳಿದಾಗಲೆಲ್ಲ ನನಗೆ ಏನಾದರೊಂದು ನಷ್ಟವಾಗಿದೆ.

ಅತ್ತೆ: ಆಯ್ತು, ಕಲೀತೀನಿ. (ನನಗೆ) ನಿಮ್ಮ ಫೋನು ಸ್ವಲ್ಪ ತೋರಿಸಿ. ನೀವು ಹೇಗೆ ಬಳಸ್ತೀರಿ ಅಂತ ನೋಡ್ತೀನಿ.

ಸೂಪರ್‌ವೈಸರ್: ಒಳ್ಳೇ ಮಾತು. ತೋರಿಸೋ.

ಆರು ತಿಂಗಳಲ್ಲಿ ಹೆಚ್ಚುಕಡಿಮೆ ಎರಡು ಸಾವಿರ ಫೋನುಗಳನ್ನು ಉದ್ಧಾರ ಮಾಡಿದ ಈ ಬೆರಳು, ತನ್ನ ಫೋನಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ‘ಆಮೇಲೆ ನೆನಪಿಸು’ ಎಂಬುದನ್ನೇ ಒತ್ತುತ್ತ ಬಂದಿತ್ತು. ಬೇರೆ ದಾರಿಯಿಲ್ಲದೆ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅತ್ತೆಯದೂ ನನ್ನದೂ ಒಂದೇ ಕಂಪನಿಯ ಒಂದೇ ಮಾದರಿ, ಒಟ್ಟಿಗೇ ಕೊಂಡದ್ದು.

ಸೂಪರ್‌ವೈಸರ್: ಏನಿದು? ಇದು ಕೊಂಡ ದಿನ ಇದ್ದ ಹಾಗೇ ಇದೆಯಲ್ಲೋ, ಅಪ್‌ಡೇಟೇ ಆಗಿಲ್ಲ.

ನಾನು: ಹೋಲಿಸಿ ತೋರಿಸೋಕೆ ಸರ್. ಹಳೇದು ಎಷ್ಟು ಕೆಟ್ಟದಾಗಿತ್ತು ಅಂತ ಗ್ರಾಹಕರಿಗೆ ಗೊತ್ತಾಗಬೇಕಲ್ಲ. ಅದಕ್ಕೆ ಹಾಗೇ ಇಟ್ಕೊಂಡಿದ್ದೀನಿ.

ಸೂಪರ್‌ವೈಸರ್ ನನ್ನ ಫೋನನ್ನು ಎರಡು ಸಲ ತಿರುಗಿಸಿ ನೋಡಿದರು. ಇನ್ನೇನು ಕೆಲಸ ಹೋಯಿತು ಎಂದುಕೊಂಡೆ.

ಸೂಪರ್‌ವೈಸರ್: ಕಂಪನಿಗೋಸ್ಕರ ಸ್ವಂತ ಫೋನನ್ನೇ ಹಾಳುಗೆಡವಿಕೊಂಡಿದ್ದೀಯಾ?

ನಾನು: ಕೈಲಾದಷ್ಟು ಸರ್.

ಈ ನಡುವೆ ಅತ್ತೆ ನನ್ನ ಫೋನನ್ನು ಕೈಗೆ ತೆಗೆದುಕೊಂಡು ನಾಲ್ಕು ಕಡೆ ಒತ್ತಿ ನೋಡಿಯಾಗಿತ್ತು.

ಅತ್ತೆ: ಎಲ್ಲ ಇದ್ದಲ್ಲೇ ಇದೆ. ಪಾಪ, ಇಷ್ಟು ಒಳ್ಳೇ ಹುಡುಗ ಇಂಥ ಕೆಟ್ಟ ಫೋನಿಟ್ಕೊಂಡು ಓಡಾಡೋದು ನನಗೆ ನೋಡೋಕಾಗಲ್ಲ. ಸುಧಾರಣೆ ಆಗಿರೋದು ನೀವಿಟ್ಕೊಳ್ಳಿ. ಈ ಕೆಟ್ಟದ್ದು ನನಗಿರಲಿ.

ನಾನು: ಬೇಡ ಮೇಡಂ, ನಿಮ್ಮದನ್ನ ನೀವೇ... ಬ್ಯಾಟರಿ ಚೆನ್ನಾಗಿದೆ, ವೇಗ ಇದೆ...

ಅತ್ತೆ: ಅದಕ್ಕೇ ಕೊಡ್ತಿರೋದು. ನನಗೆ ವಯಸ್ಸಾಯ್ತು, ವೇಗ ತಗೊಂಡು ಏನು ಮಾಡ್ಲಿ?

ನಾನು: ನನಗೆ ಹಳೇದೇ ಒಗ್ಗಿಹೋಗಿದೆ ಮೇಡಂ.

ಸೂಪರ್‌ವೈಸರ್: (ಪೆನ್ನಿನ ಮುಚ್ಚಳ ಹಾಕುತ್ತ) ಯಾಕೋ? ಹೊಸದು ಚೆನ್ನಾಗಿಲ್ವಾ?

ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು. ಸುಳ್ಳು ಹೇಳಿದರೆ ಫೋನು ಹೋಗುತ್ತಿತ್ತು. ಯಾವುದಕ್ಕೆ ಕಂತು ಕಟ್ಟುವುದು ಇನ್ನೂ ಬಾಕಿಯಿದೆ ಎಂದು ಯೋಚಿಸಿದೆ. ಫೋನಿಗೇ. ಅದನ್ನು ಕಟ್ಟಲು ಕೆಲಸ ಬೇಕು.

ನಾನು: ತುಂಬಾ ಚೆನ್ನಾಗಿದೆ ಸರ್.

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು. ನಾನೇ ಸೂಜಿ ಹಿಡಿದು ಎರಡೂ ಫೋನುಗಳ ಸಿಮ್ ತೆಗೆದು ಅದಲು ಬದಲು ಮಾಡಿದೆ. ಕೊಡುವ ಮೊದಲು ನನ್ನದನ್ನು ಎರಡೆರಡು ಸಲ ಒರೆಸಿದ್ದನ್ನು ಸೂಪರ್‌ವೈಸರ್ ಗ್ರಾಹಕ ಸೇವೆಯೆಂದೇ ತಿಳಿದರು. ಅತ್ತೆ ‘ಬಹಳ ಸಮಾಧಾನ’ಕ್ಕೆ ಗುರುತು ಹಾಕಿ, ಕೆಳಗೆ ಅಂದವಾಗಿ ಸಹಿ ಮಾಡಿದರು. ಆ ಗಳಿಗೆಯಲ್ಲಿ ಅವರು ಬರೆದದ್ದು ಅಪ್ಪಟ ಸತ್ಯವಾಗಿತ್ತು. ನನ್ನ ಕಾಗದಕ್ಕೂ ಸಹಿ ಬಿತ್ತು.

ಸೂಪರ್‌ವೈಸರ್: ನಿಮ್ಮಂಥ ಗ್ರಾಹಕರು ಅಪರೂಪ ಮೇಡಂ. ನಾಳೆಯಿಂದ ಇವನಿಗೆ ಮುಂದಿನ ಹಂತದ ತರಬೇತಿ ಕೊಡ್ತೀವಿ. ಇವನ ಬಗ್ಗೆ ಏನಾದರೂ ಹೇಳೋದಿದ್ದರೆ ಹೇಳಿ, ಫೈಲಿಗೆ ಬರ್ಕೋತೀನಿ.

ಅತ್ತೆ ನನ್ನ ಫೋನನ್ನು, ಅಲ್ಲ, ತಮ್ಮ ಫೋನನ್ನು ಚೀಲಕ್ಕೆ ಸೇರಿಸಿ ಎದ್ದು ನಿಂತರು.

ಅತ್ತೆ: ಬರ್ಕೊಳ್ಳಿ. ಹುಡುಗ ಪರವಾಗಿಲ್ಲ, ಹೇಗೋ ನಡೀತಾನೆ. ಹೊಸದೇನೂ ತುಂಬೋಕೆ ಹೋಗ್ಬೇಡಿ. ಈಗ ಮಾಡ್ತಿರೋ ಅಷ್ಟಿಷ್ಟೂ ನಿಂತುಹೋಗುತ್ತೆ.