ಗಾಳಿ ಚಕ್ರದ ಲಾರಿಯೂ ಮಾವನ ಪೆಟ್ರೋಲೂ

ಲಾರಿಗೆ ಹೊಸ ಚಕ್ರ ಹಾಕಿದರೆ ಎಲ್ಲಕ್ಕಿಂತ ಮೊದಲು ಬದಲಾಗುವುದು ಜನರ ಮಾತು. ಪೆಟ್ರೋಲಿನ ಖರ್ಚು ಬದಲಾಗುವುದು ಆಮೇಲೆ. ನಮ್ಮ ಬೆಟ್ಟದಲ್ಲಿ ಇದು ಒಮ್ಮೆ ನಡೆದು ಮುಗಿದ ಸಂಗತಿಯಲ್ಲ, ನಡೆಯುತ್ತಲೇ ಇರುತ್ತದೆ.

ನನ್ನ ಸೋದರಮಾವ ಬಹಳ ಕಾಲ ಎತ್ತಿನ ಗಾಡಿ ಓಡಿಸಿದವರು. ಮೊದಲ ಮಹಾಯುದ್ಧ ಮುಗಿದ ಮೇಲೆ ದಂಡಿನವರು ಮಾರಿದ ಹಳೆಯ ಲಾರಿಯೊಂದು ಕೈಯಿಂದ ಕೈಗೆ ದಾಟಿ ಅವರಿಗೆ ಬಂತು. ನಂಜನಾಡಿನ ಆಲೂಗೆಡ್ಡೆಯನ್ನು ಊಟಿಗೆ ತರುವುದು, ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿಗೆ ಹೋಗಿ ಹೊಲಗಳಿಗೆ ಸಗಣಿ ಗೊಬ್ಬರ ತರುವುದು, ಇಷ್ಟೇ ಅದರ ಕೆಲಸ. ಆದರೆ ಪೆಟ್ರೋಲನ್ನು ಮಾತ್ರ ವಿಪರೀತ ಕುಡಿಯುತ್ತಿತ್ತು. ಡ್ರೈವರ್ ಕದ್ದು ಮಾರುತ್ತಾನೆಂದು ಮಾವನ ಗುಮಾನಿ.

“ಈ ಸಲದ ಗೆಡ್ಡೆ ಮುಗಿಯೋದರೊಳಗೆ ಪೆಟ್ರೋಲ್ ಇಳೀಬೇಕು. ಇಳೀದಿದ್ರೆ ಲಾರಿ ಮಾರ್ತೀನಿ. ನೀನು ನಿನ್ನ ಗೂಡಲೂರಿಗೆ ಹೊರಡು” ಎಂದು ಮಾವ ಅವನಿಗೆ ಹೇಳಿದರು.

ಡ್ರೈವರ್ ಆಗಷ್ಟೇ ಮದುವೆಯಾಗಿ ಹೆಂಡತಿಯನ್ನು ಊಟಿಗೆ ಕರೆತಂದಿದ್ದ. ನಾನು ಆಗಷ್ಟೇ ಮದರಾಸಿನಿಂದ ಬಿ.ಎಸ್ಸಿ. ತಂದಿದ್ದೆ. ಕಾರಣ ಹುಡುಕುವ ಕೆಲಸ ನನಗೆ ಬಿತ್ತು.

ಎಂಜಿನ್ ಸರಿಯಾಗಿತ್ತು. ದೋಷ ಚಕ್ರದಲ್ಲಿತ್ತು. ಅದಕ್ಕೆ ಗಾಳಿ ತುಂಬದ, ಗಟ್ಟಿ ರಬ್ಬರಿನ ಪಟ್ಟಿ ಸುತ್ತಿದ್ದರು. ದಾರಿಯ ಪ್ರತಿ ಕಲ್ಲಿಗೂ ಲಾರಿ ಇಡೀ ಹೊರೆಯನ್ನು ಎತ್ತಿ ಹಾಕುತ್ತಿತ್ತು. ಹಾಗೆ ಎತ್ತುವುದಕ್ಕೂ ಪೆಟ್ರೋಲೇ ಬೇಕು. ಮಾವ ಗೊಣಗುತ್ತಲೇ ಕೊಯಮತ್ತೂರಿನಿಂದ ಗಾಳಿ ಟೈರುಗಳನ್ನು ಚಕ್ರ ಸಮೇತ ತರಿಸಿದರು.

ಒಳಗೆ ಏನಿದೆ?

ಹೊಸ ಚಕ್ರದ ಲಾರಿ ಮೊದಲು ನಿಂತದ್ದು ನಂಜನಾಡಿನಲ್ಲಿ. ಮೂಟೆಗಳನ್ನು ಹೇರಿಸಿ ಮುಗಿಸಿದ ಮುದುಕರೊಬ್ಬರು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಇದರೊಳಗೆ ಏನಿದೆ ತಮ್ಮಾ?”

“ಗಾಳಿ, ಅಜ್ಜ.”

“ಬರೀ ಗಾಳಿಯಾ?”

“ಬರೀ ಗಾಳಿ.”

ಅವರು ಮೂಟೆಗಳನ್ನೆಲ್ಲ ಇಳಿಸಲು ಹೇಳಿದರು. ಗಾಳಿಗೆ ಎಷ್ಟು ಬಲವಿದೆ ಎಂದು ನಾನು ಬಿಡಿಸಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ಬಲ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಹೋದ ಆಡಿ ತಿಂಗಳ ಮಳೆಗಾಲದಲ್ಲಿ ನನ್ನ ಮನೆ ಹೆಂಚು ಹಾರಿಸಿಕೊಂಡು ಹೋದದ್ದು ಇದೇ ತಾನೆ? ಇದರ ಕೈಗೆ ಗೆಡ್ಡೇನೂ ಕೊಡಲಾ?”

ಸರಪಳಿ

ತುಮ್ಮನಟ್ಟಿಯ ದಾರಿ ಮಳೆಯಲ್ಲಿ ಬರೀ ಕೆಸರು. ಟೈರು ಜಾರದಂತೆ ಹಿಂದಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಿದ್ದೆವು. ಮಳೆ ನಿಂತು ದಾರಿ ಒಣಗಿದರೂ ಡ್ರೈವರ್ ಅದನ್ನು ಬಿಚ್ಚಲಿಲ್ಲ. ಒಣ ರಸ್ತೆಯಲ್ಲಿ ಸರಪಳಿ ಎಂದರೆ ದಂಡದ ಪೆಟ್ರೋಲು.

“ಬಿಚ್ಚಬೇಡಿ ಸಾರ್” ಎಂದು ಅವನು ಬೇಡಿಕೊಂಡ. ಕಾರಣ ಹೇಳುವುದರೊಳಗೆ ನಾನು ಬಿಚ್ಚಿಸಿದ್ದೆ.

ಅಂದು ಲಾರಿ ಸದ್ದಿಲ್ಲದೆ ಹೋಯಿತು, ಸದ್ದಿಲ್ಲದೆ ಬಂತು. ಪೆಟ್ರೋಲು ಕಣ್ಣಿಗೆ ಕಾಣುವಷ್ಟು ಉಳಿಯಿತು. ಆದರೆ ದಾರಿಯಲ್ಲಿ ಒಬ್ಬನೂ ಮೂಟೆ ತಂದಿರಲಿಲ್ಲ. ಆ ಕಡೆಯ ಹಟ್ಟಿಗಳವರು ಹೊಲದಲ್ಲಿದ್ದು, ಸರಪಳಿಯ ಝಣಝಣ ಕೇಳಿದ ಮೇಲೆಯೇ ಮೂಟೆ ಹೊತ್ತು ರಸ್ತೆಗೆ ಬರುವುದು ರೂಢಿಯಂತೆ.

ಮಾವ ಖಾಲಿ ಲಾರಿಯನ್ನು ಒಂದು ಸುತ್ತು ಬಂದು ನೋಡಿದರು. “ಭೇಷ್ ಅಳಿಯಾ. ಪೆಟ್ರೋಲೂ ಉಳೀತು, ಗೆಡ್ಡೇನೂ ಉಳೀತು.”

ಅವ್ವನ ಸೊಂಟ

ಒಂದು ವಾರ ಪೆಟ್ರೋಲು ಮತ್ತೆ ಏರಿತು. ಟೈರುಗಳು ಅರ್ಧ ಚಪ್ಪಟೆಯಾಗಿದ್ದವು. ಗಾಳಿ ಕಡಿಮೆಯಾದರೆ ಟೈರು ನೆಲಕ್ಕೆ ಅಂಟಿಕೊಂಡು ಉರುಳುತ್ತದೆ, ಎಂಜಿನ್ ಹೆಚ್ಚು ದುಡಿಯುತ್ತದೆ.

“ಗಾಳಿ ಬಿಟ್ಟವರಾರು?” ಮಾವ ಗುಡುಗಿದರು.

“ನಾನೇ ಗೌಡರೇ” ಎಂದ ಡ್ರೈವರ್. “ದೊಡ್ಡವ್ವ ನೆಂಟರ ಮನೆಗೆ ಲಾರಿಯಲ್ಲೇ ಹೋಗಿಬರ್ತಾರೆ. ಸೊಂಟ ಕುಲುಕುತ್ತೆ, ಮೆತ್ತಗೆ ಮಾಡು ಅಂದರು.”

ದೊಡ್ಡವ್ವ ಎಂದರೆ ಮಾವನ ತಾಯಿ, ನನ್ನ ಅಜ್ಜಿ. ಮಾವ ತೋಳು ಏರಿಸಿಕೊಂಡು ಒಳಗೆ ಹೋದರು, ಬೇಗನೆ ಹೊರಗೆ ಬಂದರು.

“ಗಾಳಿ ಇದ್ದಷ್ಟೇ ಇರಲಿ. ಪೆಟ್ರೋಲಿಗೆ ಬಾಯಿಲ್ಲ.”

ಕಲ್ಲಟ್ಟಿ

ಗೆಡ್ಡೆಯ ಕಾಲ ಮುಗಿಯುತ್ತ ಬಂತು. ಡ್ರೈವರಿನ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದ್ದಳು. ಮಾವ ತಾವೇ ಪರೀಕ್ಷೆ ಮಾಡುವುದಾಗಿ ಸಾರಿದರು. ಅಷ್ಟರಲ್ಲಿ ದೊಡ್ಡವ್ವ ಮಗಳ ಮನೆಗೆ ಹೋಗಿದ್ದರಿಂದ ಟೈರಿಗೆ ಪೂರ್ತಿ ಗಾಳಿ ತುಂಬಿಸಿದೆ.

ಊಟಿಯಿಂದ ಸ್ವಲ್ಪ ದೂರ ಹೋಗಿ ಕಲ್ಲಟ್ಟಿಯ ಇಳಿಜಾರಿನ ತಲೆಯಲ್ಲಿ ಮಾವ ಲಾರಿ ನಿಲ್ಲಿಸಿದರು. ಪೆಟ್ರೋಲ್ ಟ್ಯಾಂಕಿಗೆ ಕೋಲು ಇಳಿಸಿ, ನೆನೆದಷ್ಟಕ್ಕೆ ಉಗುರಿನಿಂದ ಗುರುತು ಮಾಡಿದರು. ಡ್ರೈವರ್ ಅಲ್ಲಿಂದ ಎಂದಿನಂತೆ ಎಂಜಿನ್ ಆರಿಸಿ, ಗಿಯರಿನಲ್ಲೇ ತಡೆಯುತ್ತ ಇಳಿಸಿದ. ಮಸಿನಗುಡಿಯಲ್ಲಿ ಮಾವ ಮತ್ತೆ ಕೋಲು ಇಳಿಸಿದರು. ಗುರುತು ಹೆಚ್ಚುಕಡಿಮೆ ಅಲ್ಲೇ ಇತ್ತು.

“ಸದ್ದೂ ಇಲ್ಲ, ಖರ್ಚೂ ಇಲ್ಲ! ಗಾಳಿ ಟೈರು ಅಂದ್ರೆ ಇದು!”

“ಇದು ಇಳಿಜಾರು ಮಾವ. ಹತ್ತುವಾಗ—”

“ದಾರಿ ಅದೇ ತಾನೆ? ಹೋಗುವಾಗ ಒಂದು ಉದ್ದ, ಬರುವಾಗ ಒಂದು ಉದ್ದ ಇರುತ್ತಾ?”

ನಾನು ಮತ್ತೆ ಬಾಯಿ ತೆರೆಯುವುದರೊಳಗೆ ಜೊತೆಗೆ ತಂದಿದ್ದ ಪೆಟ್ರೋಲಿನ ಡಬ್ಬವನ್ನು ಅಲ್ಲಿಯ ನೆಂಟರ ಮನೆಯಲ್ಲಿಟ್ಟು ಬೀಗ ಹಾಕಿಸಿದರು. ಇನ್ನು ಕದಿಯಲು ಏನೂ ಇಲ್ಲವಲ್ಲ ಎಂದು ಡ್ರೈವರನ್ನು ನೋಡಿ ನಕ್ಕರು. ಗೊಬ್ಬರ ಹೇರಿ ಹೊರಟೆವು.

ಅರ್ಧ ಘಾಟಿಯಲ್ಲಿ ಲಾರಿ ಕೆಮ್ಮಿತು, ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟು ಕೂತೆವು. ಹಿಂದಿನಿಂದ ಖಾಲಿ ಗಾಡಿಗಳ ಸಾಲೊಂದು ಬಂತು. ಮುಂದಿನ ಗಾಡಿಯವನು ಮಾವನ ಹಳೆಯ ಜೊತೆಗಾರ.

“ಏನು ಗೌಡರೇ, ನಿಮ್ಮ ಎತ್ತಿಗೆ ಬಾಯಾರಿತಾ? ಇಳಿದು ನೀರು ಕುಡಿಸಿ!”

ಮಾವ ಎದ್ದು ಲಾರಿಯಿಂದ ಹಗ್ಗ ತೆಗೆದರು. ಗಾಡಿಯವರು ಸಾಲಿನ ಎತ್ತುಗಳನ್ನೆಲ್ಲ ಬಿಚ್ಚಿ ಲಾರಿಯ ಮುಂದೆ ಜೋಡಿಸಿದರು. ಡ್ರೈವರ್ ಸ್ಟಿಯರಿಂಗ್ ಹಿಡಿದು ತಲೆ ತಗ್ಗಿಸಿ ಕೂತ. ತಿರುವು ತಿರುವಿಗೂ ಕಲ್ಲು ಕೊಡುತ್ತ ನಡೆದೆವು, ಸಂಜೆಯ ಹೊತ್ತಿಗೆ ಲಾರಿ ಮೇಲೆ ಬಂತು.

ಗಾಡಿಯವನು ಬೆವರು ಒರೆಸಿಕೊಂಡು ಟೈರನ್ನು ಕಾಲಿನಿಂದ ತಟ್ಟಿದ. “ಚಕ್ರ ಮಾತ್ರ ಒಳ್ಳೇದು ಗೌಡರೇ. ನಿಮ್ಮ ಹಳೇ ಗಟ್ಟಿ ಚಕ್ರವಾಗಿದ್ರೆ ಎತ್ತು ಅಲ್ಲೇ ಮಲಗಿಬಿಡ್ತಿದ್ದವು.”

ಆ ದಿನದ ಪ್ರಯೋಗದಲ್ಲಿ ವಿಜ್ಞಾನಕ್ಕೆ ಒಪ್ಪುವ ಮಾತು ಅದೊಂದೇ. ಮಾವನ ಮುಖ ಅರಳಿತು.

“ಕೇಳಿದ್ಯಾ ಅಳಿಯಾ? ಎತ್ತು ಬಲ್ಲವನು ಹೇಳ್ತಿದ್ದಾನೆ.” ಆಮೇಲೆ ಡ್ರೈವರನ್ನು ನೋಡಿ, “ಇಷ್ಟೇ ಪೆಟ್ರೋಲಿನಲ್ಲಿ ಮಸಿನಗುಡಿಗೆ ಹೋಗಿ ಬಂದ ಲಾರಿ ಇನ್ಯಾವುದಿದೆ ಈ ಬೆಟ್ಟದಲ್ಲಿ? ನಾಳೆಯೂ ಬಾ. ಮನೆಯವಳಿಗೆ ಗೋಣಿ ಬಿಚ್ಚೋಕೆ ಹೇಳು” ಎಂದರು.

ಲಾರಿ ಉಳಿಯಿತು, ಡ್ರೈವರೂ ಉಳಿದ. ಪರೀಕ್ಷೆಯ ಫಲವನ್ನು ಬರೆದು ಸಹಿ ಹಾಕಿ ಕೊಡೆಂದು ಮಾವ ನನ್ನನ್ನು ಕೇಳಿದರು. ಸುಳ್ಳು ಬರೆಯುವುದು ನನಗಾಗದು. ಹೀಗೆ ಬರೆದುಕೊಟ್ಟೆ:

“ಗಾಳಿ ಟೈರು ಹಾಕಿದ ಮೇಲೆ ಪೆಟ್ರೋಲಿನ ಖರ್ಚು ತೀರ ಇಳಿದಿದೆ. ಹುಲ್ಲು, ಹುರುಳಿ ಇದರಲ್ಲಿ ಸೇರಿಲ್ಲ.”