ಅಣ್ಣನ ವಿರುದ್ಧ ಮೂರು ಅಂಶಗಳು

ವಾದ ಮಾಡುವವನಿಗೆ ದೆವ್ವದ ಭಯ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಪಕ್ಷ ಕೊಟ್ಟರೂ ಮೂರೇ ಅಂಶಗಳಲ್ಲಿ ಗೆಲ್ಲಬೇಕೆಂದು ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದರು. ದೇವರು ಇದ್ದಾನೆ ಎಂದು ಒಂದು ಕಪ್ ಗೆದ್ದು, ಮರುವರ್ಷ ಇಲ್ಲ ಎಂದು ಇನ್ನೊಂದು ಗೆದ್ದವನು ನಾನು. ಅಂಥವನು ಬಚ್ಚಲುಮನೆಯ ಪ್ಲಾಸ್ಟಿಕ್ ಡ್ರಮ್ಮಿಗೆ ಹೆದರಿದೆ. ಹೆದರಿದ್ದನ್ನು ಒಪ್ಪಿಕೊಳ್ಳಲು ಅಷ್ಟು ಕಷ್ಟವಿಲ್ಲ. ಯಾಕೆ ಹೆದರಿದೆ ಎಂದು ಹೇಳುವುದೇ ಕಷ್ಟ.

ತೊಂಬತ್ತರ ದಶಕದ ನಡುವೆ ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆ ಕಟ್ಟಡವೊಂದರಲ್ಲಿ ನಾನು ಮತ್ತು ಅಣ್ಣ ವಲೇರಿಯನ್ ಇದ್ದೆವು. ವೀಸಾ ಮಾಡಿಸಿ, ತನ್ನದೇ ಕಂಪೆನಿಯಲ್ಲಿ ನನಗೆ ಗುಮಾಸ್ತಿಕೆ ಕೊಡಿಸಿದವನು ಅವನೇ. ಮನೆಮಾತು ಕೊಂಕಣಿಯಾದರೂ ವಾದಕ್ಕಿಳಿದರೆ ನಮಗಿಬ್ಬರಿಗೂ ಕನ್ನಡವೇ ಆಗಬೇಕು. ಆ ವರ್ಷ ಕನ್ನಡಿಗರ ಸಂಘದವರು ಒಂದು ಶುಕ್ರವಾರಕ್ಕೆ ಚರ್ಚಾಸ್ಪರ್ಧೆ ಇಟ್ಟರು. ಊರಿನ ರಾಜಕೀಯ ಬೇಡ, ಇಲ್ಲಿನದು ಮೊದಲೇ ಬೇಡ, ಧರ್ಮ ಬೇಡ, ಭಾಷೆ ಬೇಡ ಎಂದು ಬೇಡಗಳನ್ನೆಲ್ಲ ಕಳೆಯುತ್ತ ಹೋದಾಗ ಉಳಿದವರು ಐನೂರು ವರ್ಷಗಳ ಹಿಂದೆ ಸತ್ತ ಇಂಗ್ಲಿಷರು ಮಾತ್ರ. ರಾಜ ನಾಲ್ಕನೇ ಎಡ್ವರ್ಡ್ ತನ್ನ ತಮ್ಮ, ಕ್ಲಾರೆನ್ಸಿನ ಡ್ಯೂಕ್ ಜಾರ್ಜನನ್ನು ಕೊಲ್ಲಿಸಿದ್ದು ಸರಿಯೇ? ಈ ಜಾರ್ಜ್, ಹೆಣ್ಣು ಕೊಟ್ಟ ಮಾವನ ಮಾತು ಕೇಳಿ, ಅಣ್ಣನ ಸಿಂಹಾಸನಕ್ಕೇ ಆಸೆಪಟ್ಟು ಶತ್ರುಗಳ ಕಡೆಗೆ ಹಾರಿದವನು. ಕೊನೆಗೆ ಅವನನ್ನು ಸೆರೆಯಲ್ಲಿ ವೈನಿನ ಪೀಪಾಯಿಯಲ್ಲಿ ಮುಳುಗಿಸಿ ಕೊಂದರೆಂದು ಪ್ರತೀತಿ. "ವೈನು ಗೀನು ಬೇಡ ಮಾರಾಯ, ದ್ರಾಕ್ಷಿ ಶರಬತ್ತು ಅಂತ ಹೇಳು," ಎಂದು ಸಂಘದ ಹಿರಿಯರೊಬ್ಬರು ತಿದ್ದಿದರು. ನನ್ನ ಪಾಲಿಗೆ ಬಂದದ್ದು, ಕೊಲ್ಲಿಸಿದ್ದೇ ಸರಿ ಎಂಬ ಪಕ್ಷ.

ಇದೇ ಹೊತ್ತಿಗೆ ಅತ್ತಿಗೆಯನ್ನೂ ಮಗುವನ್ನೂ ಕರೆಸಿಕೊಳ್ಳಲು ಅಣ್ಣ ಫ್ಯಾಮಿಲಿ ವೀಸಾಕ್ಕೆ ಬೇಕಾದ ಪತ್ರವನ್ನು ಕಂಪೆನಿಯಲ್ಲಿ ಕೇಳಿದ್ದ. ಮೂರು ವರ್ಷದ ಆ ಮಗು ಫೋಟೋ ತೋರಿಸಿದರೆ ಅಪ್ಪ ಎನ್ನುತ್ತಿತ್ತು, ರಜೆಯಲ್ಲಿ ಅಣ್ಣ ಎದುರಿಗೆ ಹೋಗಿ ನಿಂತರೆ ಅಳುತ್ತಿತ್ತು. ಪತ್ರ ಸಿಕ್ಕರೆ ಅವರು ಮದೀನತ್ ಖಲೀಫಾದ ಕಡೆ ಮನೆ ಮಾಡುವವರು, ನಾನು ಎಂಟು ಜನ ಮಲಗುವ ಬ್ಯಾಚುಲರ್ ರೂಮಿಗೆ ಹೋಗಬೇಕಾದವನು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದೆ, ಅಷ್ಟೆ. ಒಂದು ದಿನ ನಮ್ಮ ಮ್ಯಾನೇಜರ್, ಬಂಟ್ವಾಳ ಕಡೆಯ ಹಮೀದ್ ಸಾಹೇಬರು, ಚಹಾ ಕುಡಿಯುತ್ತ ಕೇಳಿದರು: "ನೀನು ಡಿಬೇಟಿನವ ಅಲ್ವಾ? ನಿನ್ನ ಅಣ್ಣನಿಗೆ ಲೆಟರ್ ಕೊಡ್ಬಾರ್ದು ಅಂತ ಹೇಳುದಾದ್ರೆ ಎಂತ ಹೇಳ್ತಿ, ನೋಡುವ?"

ಸುಮ್ಮನಿರಬಹುದಿತ್ತು. ಆದರೆ ನನಗೊಂದು ಪಕ್ಷ ಕೊಟ್ಟಾಗಿತ್ತಲ್ಲ! ಮಗು ಎಂದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ರಜೆ. ಸ್ಟೋರಿನ ಬೀಗದ ಕೈ ಇರುವುದು ಅವನೊಬ್ಬನ ಬಳಿ. ಇವತ್ತು ಇವನಿಗೆ ಕೊಟ್ಟರೆ ನಾಳೆ ಹತ್ತು ಜನ ಬಾಗಿಲಲ್ಲಿ. ಸಾಹೇಬರು ತಲೆದೂಗಿದರು. ಮೂರು ದಿನ ಕಳೆದು, ಈರುಳ್ಳಿ ಹೆಚ್ಚುತ್ತಿದ್ದ ಅಣ್ಣ ತಲೆಯೆತ್ತದೆ ಹೇಳಿದ: "ಈ ವರ್ಷ ಲೆಟರ್ ಇಲ್ಲ ಅಂತೆ. ಮಗು ಅಂದ್ರೆ ಆಸ್ಪತ್ರೆ, ಆಸ್ಪತ್ರೆ ಅಂದ್ರೆ ರಜೆ ಅಂತೆ. ಎಷ್ಟು ಚಂದ ಮಾಡಿ ಹೇಳಿದ್ರು ಗೊತ್ತುಂಟಾ?" ನನ್ನದೇ ವಾಕ್ಯ, ನಾನು ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿ, ಅವನ ಬಾಯಲ್ಲಿ ಬಂತು. ಏರ್ ಕಂಡೀಷನರ್ ನಿಂತೇ ಇತ್ತು. ನನ್ನ ಬೆನ್ನು ಮಾತ್ರ ತಣ್ಣಗಾಯಿತು.

ಡ್ರಮ್ಮು ಮಾತಾಡತೊಡಗಿದ್ದು ಆಮೇಲೆ. ನಮ್ಮ ಕಟ್ಟಡದಲ್ಲಿ ನೀರು ಹೇಳದೆ ಕೇಳದೆ ನಿಲ್ಲುತ್ತಿದ್ದುದರಿಂದ ಬಚ್ಚಲಲ್ಲಿ ಎದೆಮಟ್ಟದ ನೀಲಿ ಡ್ರಮ್ ತುಂಬಿಟ್ಟಿದ್ದೆವು. ದನಿ ಚೆನ್ನಾಗಿ ಮೊಳಗುತ್ತದೆಂದು ನಾನು ಭಾಷಣ ಅಭ್ಯಾಸ ಮಾಡುತ್ತಿದ್ದುದು ಅಲ್ಲೇ. "ದ್ರೋಹಿ ತಮ್ಮ" ಎಂದೆ. ಒಳಗಿನಿಂದ ಗುಳುಂ ಎಂದಿತು. ಕೊಳವೆಯ ಗಾಳಿ ಇರಬೇಕೆಂದು ನಲ್ಲಿ ಬಿಗಿಮಾಡಿ, ಪರೀಕ್ಷೆಗೆಂದು "ದ್ರೋಹಿ ಚಿಕ್ಕಪ್ಪ" ಎಂದೆ. ಮೌನ. "ದ್ರೋಹಿ ಮಾವ." ಮೌನ. "ದ್ರೋಹಿ ತಮ್ಮ." ಗುಳುಂ. ಮೂರು ಸಲದ ಪ್ರಯೋಗದಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದಲೇ ನಾಲ್ಕನೆಯ ಸಲ ಪ್ರಯೋಗ ಮಾಡಲಿಲ್ಲ.

ಮಾರನೆಯ ದಿನ ಶುಕ್ರವಾರ. ಸ್ಪರ್ಧೆಗೆ ಇನ್ನೂ ಒಂದು ವಾರವಿತ್ತು. ಮಧ್ಯಾಹ್ನ ಧೂಳುಗಾಳಿ ಎದ್ದು ಕಿಟಕಿಯೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕರೆಂಟು ಹೋಯಿತು. ಧೈರ್ಯ ಮಾಡಿ ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿದೆ. ಕೆಂಪು ಬೆಳಕಿನ ನೀರಿನಲ್ಲಿ ನನ್ನ ಮುಖ ಕಂಡಿತು. ಅದರ ಹಿಂದೆ, ಮೆಲ್ಲಗೆ, ಇನ್ನೊಂದು ಮುಖ ಎದ್ದಿತು.

"ಯಾರತ್ರ ಮಾತಾಡುದು ನೀನು?" ಬೆನ್ನ ಹಿಂದೆ ಅಣ್ಣ.

"ಯಾರತ್ರವೂ ಇಲ್ಲ."

"ಹಾಗಾದ್ರೆ ಸರಿ," ಎಂದು ನನ್ನ ಕತ್ತಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆ ಕೈ ಒತ್ತಲಿಲ್ಲ, ಎಳೆಯಲೂ ಇಲ್ಲ. ಆಮೇಲೆ ನನ್ನನ್ನು ಸರಿಸಿ, ಮುಚ್ಚಳ ಹಾಕಿ ಹೊರಟುಹೋದ.

ಶನಿವಾರ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋಗಿ, ಪತ್ರ ಕೊಡಬೇಕೆಂಬುದಕ್ಕೆ ಮೂರು ಅಂಶಗಳನ್ನು ಶುರುಮಾಡಿದೆ. ಅವರು ಕೈ ಎತ್ತಿದರು. "ಖಲಾಸ್! ಹೋದ ವಾರ ಕೊಡ್ಬಾರ್ದು ಅಂತ, ಈ ವಾರ ಕೊಡ್ಬೇಕು ಅಂತ. ನಿನ್ನ ಯಾವ ಮಾತನ್ನು ನಾನು ನಂಬುದು?"

"ಸಾರ್, ಅವತ್ತಿಂದು ನನ್ನ ಸ್ವಾರ್ಥ. ಅವನು ಹೋದ್ರೆ ನಾನು ಒಬ್ಬನೇ ಆಗ್ತೇನೆ," ಎಂದೆ. ಅಂಶ ಒಂದೇ ಇತ್ತು.

ಸಾಹೇಬರು ಮೇಜಿನ ಮೇಲಿದ್ದ ಕಾಗದವನ್ನು ನನ್ನತ್ತ ತಳ್ಳಿದರು. ಟೈಪಾಗಿ, ಸಹಿಯೂ ಆಗಿತ್ತು. "ಗುರುವಾರವೇ ನಿನ್ನ ಅಣ್ಣ ಬಂದಿದ್ದ. 'ಕೊಡ್ಬಾರ್ದು ಅಂತ ಹೇಳಿದ್ದು ನಿನ್ನ ತಮ್ಮನೇ' ಅಂದೆ. 'ನನ್ನ ತಮ್ಮ ಹಾಗೆ ಹೇಳುವ ಜನ ಅಲ್ಲ' ಅಂತ ಅರ್ಧ ಗಂಟೆ ನನ್ನತ್ರ ಜಗಳ. ಒಂದೇ ಒಂದು ಪಾಯಿಂಟ್ ಇರ್ಲಿಲ್ಲ ಮಾರಾಯ ಅವನತ್ರ. ಕಣ್ಣಲ್ಲಿ ನೀರು ಬೇರೆ. ಎಂತ ಮಾಡುದು? ಸೈನ್ ಹಾಕಿದೆ."

ಗುರುವಾರ. ಎಂದರೆ ಡ್ರಮ್ಮಿನ ಎದುರು ನನ್ನ ಕತ್ತಿನ ಮೇಲೆ ಕೈಯಿಟ್ಟಾಗ ಅವನಿಗೆ ಎಲ್ಲ ತಿಳಿದಿತ್ತು.

ಮುಂದಿನ ಶುಕ್ರವಾರ ವೇದಿಕೆ ಹತ್ತಿ "ಮೊದಲನೆಯದಾಗಿ" ಎಂದವನಿಗೆ ಎರಡನೆಯದು ಬರಲೇ ಇಲ್ಲ. ಮುಂದಿನ ಸಾಲಿನಲ್ಲಿ ಅಣ್ಣ ಕಣ್ಣು ಮಿಟುಕಿಸದೆ ಕೂತಿದ್ದ. ಜನ್ಮದಲ್ಲಿ ಮೊದಲ ಬಾರಿ ಸೋತು ಕೆಳಗಿಳಿದೆ. ಹೊರಗೆ ಬಂದಾಗ ಅವನು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ: "ಎಂತ ಮಾರಾಯ, ಇಷ್ಟು ಕೆಟ್ಟದಾಗಿ ಸೋಲುದಾ? ಆ ತಮ್ಮನನ್ನು ಮುಳುಗಿಸಿದ್ದೇ ಸರಿ ಅಂತ ನನಗೇ ಅನ್ನಿಸಿತ್ತು."

ಅವನು ನಗುತ್ತಿದ್ದನೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯ, ದೆವ್ವವನ್ನು ನಂಬದ ನನಗೆ ಬರಲಿಲ್ಲ.